ಹೊರದೇಶಕ್ಕೆ ಹೊರಡೋ ಮುಂಚೆ ಒಂದು ಪುಸ್ತಕ

ನೀರಮಾನ್ವಿ ಕಡೆ ಊರು ಬಿಟ್ಟು ದುಡಿಯೋಕೆ ಹೋಗೋದನ್ನ ಗುಳೆ ಅಂತಾರೆ. ಮಳೆ ಕೈಕೊಟ್ಟ ವರ್ಷ ಮಾನ್ವಿ, ದೇವದುರ್ಗದಿಂದ ಬೆಂಗಳೂರಿನ ಬಸ್ ಹತ್ತುವವರಿಗೆ ಯಾವ ಗೈಡ್ ಬುಕ್ಕೂ ಬೇಕಿಲ್ಲ. ಎಲ್ಲಿ ಇಳೀಬೇಕು, ಶೆಡ್ ಎಲ್ಲಿ ಹಾಕ್ಕೋಬೇಕು, ಯಾವ ಮೇಸ್ತ್ರಿ ಕೂಲಿ ಸರಿಯಾಗಿ ಕೊಡ್ತಾನೆ, ಎಲ್ಲಾ ಮೊದಲು ಹೋಗಿ ಬಂದವರ ಬಾಯಲ್ಲೇ ಇರುತ್ತೆ. ಆದರೆ ಹೋಗೋ ಊರಲ್ಲಿ ನಮ್ಮವರು ಒಬ್ಬರೂ ಇಲ್ಲದಿದ್ದರೆ? ಆಗ ಆ ಬಾಯಿಯ ಕೆಲಸವನ್ನು ಪುಸ್ತಕ ಮಾಡಬೇಕು. ಈ ಸೆಮಿಸ್ಟರ್ ರಜೆಯಲ್ಲಿ ನಾವು ಮೂವರು ಕೂತು ಅಂಥ ಪುಸ್ತಕಗಳನ್ನು ಓದಿದೆವು. ಅದಕ್ಕೊಂದು ಕಾರಣ ಇತ್ತು, ಆಮೇಲೆ ಹೇಳ್ತೀವಿ.

ತಮಾಷೆ ಅಂದ್ರೆ, ಹಳೆಯ ಪುಸ್ತಕಗಳಲ್ಲಿ 'ಹೊರದೇಶ' ಅಂದ್ರೆ ನಾವೇ. ಬಂಗಾಳದ ಸೈನ್ಯದಲ್ಲಿದ್ದ ಕ್ಯಾಪ್ಟನ್ ಥಾಮಸ್ ವಿಲಿಯಮ್ಸನ್ 1810ರಲ್ಲಿ ಲಂಡನ್ನಿನಲ್ಲಿ 'ಈಸ್ಟ್ ಇಂಡಿಯಾ ವೇಡ್ ಮೇಕಮ್' ಅಂತ ಎರಡು ಸಂಪುಟ ತಂದ. ಕಂಪನಿ ಕೆಲಸಕ್ಕೆ ಭಾರತಕ್ಕೆ ಬರೋ ಹುಡುಗರಿಗೆ ಏನು ಸಾಮಾನು ತರಬೇಕು, ಯಾವ ಯಾವ ಆಳು ಬೇಕು ಅನ್ನೋದೆಲ್ಲ ಅದರಲ್ಲಿದೆ. ನಮಗೆ ಹೆಚ್ಚು ಹಿಡಿಸಿದ್ದು 1942ರಲ್ಲಿ ಅಮೆರಿಕದ ಯುದ್ಧ ಇಲಾಖೆ ಬ್ರಿಟನ್ನಿಗೆ ಹೊರಟ ತನ್ನ ಸೈನಿಕರಿಗೆ ಕೊಟ್ಟ ಪುಟ್ಟ ಪುಸ್ತಕ. 12 ಪೆನ್ಸಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್ ಅಂತ ಲೆಕ್ಕ ಹೇಳಿಕೊಡುತ್ತೆ. ಜೊತೆಗೆ, ನಿಮ್ಮ ಸಂಬಳ ಅವರಿಗಿಂತ ಜಾಸ್ತಿ, ಜಂಬ ಕೊಚ್ಚಬೇಡಿ, ಅವರ ರಾಜನನ್ನು ಟೀಕಿಸಬೇಡಿ ಅಂತಲೂ ಹೇಳುತ್ತೆ. ಆ ಪೌಂಡಿನ ಲೆಕ್ಕ 1971ರಲ್ಲೇ ಬದಲಾಯ್ತು. ಜಂಬದ ಮಾತು ಇವತ್ತಿಗೂ ಹಳತಾಗಿಲ್ಲ.

ಕನ್ನಡದಲ್ಲಿ ಹುಡುಕಿದಾಗ ಸಿಕ್ಕಿದ್ದು ಹೆಚ್ಚಾಗಿ ಪ್ರವಾಸ ಕಥನಗಳು. 'ಅಮೆರಿಕದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂದಿದೆ. ಕಾರಂತರ 'ಅಪೂರ್ವ ಪಶ್ಚಿಮ' ಇದೆ. ಓದೋಕೆ ಚೆನ್ನಾಗಿವೆ, ನಿಜ. ಆದರೆ ನೋಡಿ ಬರೋದು ಬೇರೆ, ಹೋಗಿ ಇರೋದು ಬೇರೆ. ಇರೋಕೆ ಹೋದವನಿಗೆ ಸೋಮವಾರ ಬೆಳಗ್ಗೆ ಯಾವ ಆಫೀಸಿನ ಮುಂದೆ ಯಾವ ಕಾಗದ ಹಿಡಿದು ನಿಲ್ಲಬೇಕು ಅಂತ ಗೊತ್ತಿರಬೇಕು.

ಉದಾಹರಣೆಗೆ ನಮ್ಮ ಸೀನಿಯರ್ಸ್ ಎಲ್ಲ ಕನಸು ಕಾಣೋ ಜರ್ಮನಿ. ಮನೆ ಸಿಕ್ಕಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಅಕ್ಕಿ ಬೇಳೆ ತಂದಿಟ್ಟುಕೊಳ್ಳಬೇಕು. ವೀಸಾಗೆ ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ವರ್ಷದ ಖರ್ಚು ತೋರಿಸಬೇಕು. ಅದು 11,208 ಯೂರೋ ಇದ್ದದ್ದು 2024ರ ಸೆಪ್ಟೆಂಬರಿನಿಂದ 11,904 ಆಯ್ತು. ವ್ಯತ್ಯಾಸ 696 ಯೂರೋ, ಅಂದರೆ ಅರವತ್ತು ಸಾವಿರ ರೂಪಾಯಿಗಿಂತ ಮೇಲೆ. 2023ರ ಪುಸ್ತಕ ನಂಬಿ ಸಾಲ ಎತ್ತಿದವರ ಗತಿ ನೀವೇ ಯೋಚಿಸಿ. ಹಾಗಾಗಿ ಗೈಡ್ ಬುಕ್ಕಿನಿಂದ ಪ್ರಶ್ನೆಗಳನ್ನು ತಗೋಬೇಕು, ಅಂಕಿಗಳನ್ನು ಮಾತ್ರ ರಾಯಭಾರ ಕಚೇರಿಯ ಈ ವರ್ಷದ ಪ್ರಕಟಣೆಯಲ್ಲೇ ನೋಡಬೇಕು ಅನ್ನೋದು ನಮ್ಮ ಅಭಿಪ್ರಾಯ.

ಈಗ ಆ ಕಾರಣ. ನಮ್ಮಲ್ಲೊಬ್ಬನ ಚಿಕ್ಕಪ್ಪನ ಮಗ ನೀರಮಾನ್ವಿಯಲ್ಲಿ ಟ್ರ್ಯಾಕ್ಟರ್ ಓಡಿಸ್ತಾನೆ. ಸೌದಿಯಲ್ಲಿ ಡ್ರೈವರ್ ಕೆಲಸ ಇದೆ, ಒಂದು ಲಕ್ಷ ಇಪ್ಪತ್ತು ಸಾವಿರ ಕೊಡು, ಮೊದಲು ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಹೋದ ಮೇಲೆ ಬದಲಾಯಿಸ್ತೀವಿ ಅಂತ ಒಬ್ಬ ಏಜೆಂಟ್ ಹೇಳಿದ್ದ. ಮನೆಯಲ್ಲಿ ಬಂಗಾರ ಅಡ ಇಡೋ ಮಾತು ನಡೀತಿತ್ತು.

ನಾವು ವಿದೇಶಾಂಗ ಸಚಿವಾಲಯ ಕಾರ್ಮಿಕರಿಗೆ ನಡೆಸೋ, ಹೊರಡುವ ಮುಂಚಿನ ತರಬೇತಿಯ ಕೈಪಿಡಿ ತೆಗೆದು ಇಂಗ್ಲಿಷಿನಲ್ಲಿ ಓದಿ, ಅವನಿಗೆ ಕನ್ನಡದಲ್ಲಿ ಹೇಳ್ತಾ ಹೋದೆವು. (ನಮ್ಮ ಕನ್ನಡ ಕೇಳಿ ಅವನು ಮಧ್ಯೆ ಮಧ್ಯೆ ನಗ್ತಿದ್ದ. 'ಒಪ್ಪಂದ ಪತ್ರ' ಅಂದಿದ್ದು ಅರ್ಥ ಆಗಲಿಲ್ಲ, 'ಅಗ್ರಿಮೆಂಟ್' ಅಂದಾಗ ಆಯ್ತು.) ಅವನು ಹತ್ತನೇ ಕ್ಲಾಸ್ ಪಾಸಾಗಿಲ್ಲ, ಹಾಗಾಗಿ ಪಾಸ್‌ಪೋರ್ಟ್ ಇಸಿಆರ್ ವರ್ಗದ್ದು. ಅಂಥವರು ಸೌದಿ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗೋ ಮುಂಚೆ ಸರ್ಕಾರದ ಎಮಿಗ್ರೇಷನ್ ಅನುಮತಿ ಪಡೀಬೇಕು. ಇದು 1983ರ ವಲಸೆ ಕಾಯ್ದೆಯ ವ್ಯವಸ್ಥೆ. ನೋಡೋಕೆ ಹೋಗೋರಿಗೆ ಆ ಅನುಮತಿ ಬೇಡ. ಏಜೆಂಟ್ ವಿಸಿಟ್ ವೀಸಾ ಅಂದಿದ್ದು ಯಾಕೆ ಅಂತ ನಮಗೆ ಆಗ ಹೊಳೀತು. ಆ ದಾರಿಯಲ್ಲಿ ಹೋದ್ರೆ ಅಗ್ರಿಮೆಂಟನ್ನು ಯಾರೂ ಪರೀಕ್ಷೆ ಮಾಡಿರಲ್ಲ. 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬೀಮಾ ಯೋಜನೆಯೂ ಕೈತಪ್ಪುತ್ತೆ. ಅದರ ಪ್ರೀಮಿಯಂ ಎರಡು ವರ್ಷಕ್ಕೆ 275 ರೂಪಾಯಿ ಅಷ್ಟೇ. ನೋಂದಾಯಿತ ಏಜೆಂಟ್ ತಗೋಬಹುದಾದ ಶುಲ್ಕಕ್ಕೂ ಮಿತಿ ಇದೆ, 30,000 ರೂಪಾಯಿ ಮತ್ತು ಜಿಎಸ್‌ಟಿ. ಒಂದು ಲಕ್ಷ ಇಪ್ಪತ್ತು ಸಾವಿರ ಎಲ್ಲಿಂದ ಬಂತು?

ಏಜೆಂಟಿಗೆ ಫೋನ್ ಮಾಡಿ ಲೈಸೆನ್ಸ್ ನಂಬರ್ ಕೇಳು, ಇ-ಮೈಗ್ರೇಟ್ ಪೋರ್ಟಲ್ಲಿನಲ್ಲಿ ಹುಡುಕ್ತೀವಿ ಅಂದೆವು. ಕೇಳಿದ. "ನಂಬಿಕೆ ಇಲ್ಲ ಅಂದ್ರೆ ಬಿಡು, ನಿನ್ನ ಜಾಗಕ್ಕೆ ಹತ್ತು ಜನ ಇದ್ದಾರೆ" ಅಂತ ಉತ್ತರ ಬಂತು. ನಂಬರ್ ಬರಲಿಲ್ಲ.

ಬಂಗಾರ ಇನ್ನೂ ಮನೆಯಲ್ಲೇ ಇದೆ. ಅವನಿಗೆ ನಮ್ಮ ಮೇಲೆ ಸ್ವಲ್ಪ ಸಿಟ್ಟೂ ಇದೆ, ಒಂದು ಅವಕಾಶ ತಪ್ಪಿಸಿದ್ರಿ ಅಂತ. ಆದರೂ ನೋಂದಾಯಿತ ಏಜೆಂಟರ ಪಟ್ಟಿ ತೆಗೆದುಕೊಡಿ ಅಂದಿದ್ದಾನೆ. ಸೌದಿಯಲ್ಲಿ ಗಾಡಿ ರಸ್ತೆಯ ಬಲಗಡೆ ಓಡಿಸ್ತಾರೆ ಅಂತ ಹೇಳಿದ ದಿನದಿಂದ ಅದನ್ನೇ ಯೋಚಿಸ್ತಿದ್ದಾನಂತೆ. ಹೋದ ವಾರ ಫೋನ್ ಮಾಡಿ, ಅಲ್ಲಿ ಜೋಳದ ಹಿಟ್ಟು ಸಿಗುತ್ತಾ ಅಂತ ಕೇಳಿದ. ಕೈಪಿಡಿಯಲ್ಲಿ ಇನ್ನೊಂದು ಸಲ ಹುಡುಕಿದೆವು, ಅದರಲ್ಲಿ ಬರೆದಿಲ್ಲ.