ಮನೆ ಮನೆ ಸಮೀಕ್ಷೆಗೆ ಹೊರಡುವ ಮುನ್ನ

ಮರ್ಕಂಜದಂಥ ಊರಿನಲ್ಲಿ ಸಮೀಕ್ಷೆ ಎಂದರೆ ಬೀದಿ ಹಿಡಿದು ಸಾಲಾಗಿ ಬಾಗಿಲು ತಟ್ಟುವ ಕೆಲಸವಲ್ಲ. ನಮ್ಮ ಸುಳ್ಯ ತಾಲೂಕಿನಲ್ಲಿ ಮನೆಗಳು ತೋಟಕ್ಕೊಂದು, ಗುಡ್ಡೆಗೊಂದು. ಹಾಗಾಗಿ ನಾವು ಏನು ಮಾಡ್ತೇವೆ? ಜೀಪು ಹೋಗುವ ಮನೆಗಳನ್ನು ಮೊದಲು ಮುಗಿಸ್ತೇವೆ, ಸಮಯ ಸಾಲದಿದ್ದರೆ ಹೊಳೆಯಾಚೆಯ ನಾಲ್ಕು ಮನೆ ಬಿಡ್ತೇವೆ. ಕಷ್ಟ ಹೆಚ್ಚು ಇರುವುದು ಆ ನಾಲ್ಕರಲ್ಲೇ. ಕೊನೆಗೆ ವರದಿಯಲ್ಲಿ "ಬಹುತೇಕ ಮನೆಗಳಿಗೆ ರಸ್ತೆ ಇದೆ" ಎಂದು ಬರೆಯುತ್ತೇವೆ. ಇರದೆ ಏನು, ನಾವು ಹೋದದ್ದೇ ರಸ್ತೆ ಇದ್ದಲ್ಲಿಗೆ!

ಆದ್ದರಿಂದ ಪ್ರಶ್ನಾವಳಿಗಿಂತ ಮೊದಲು ಮನೆಪಟ್ಟಿ ತಯಾರಾಗಬೇಕು. ಪಂಚಾಯತಿನ ಮನೆ ತೆರಿಗೆ ಪಟ್ಟಿಯಿಂದ ಆರಂಭಿಸಬಹುದು, ಅಲ್ಲಿಗೇ ನಿಲ್ಲಬಾರದು. 2025ರ ಸೆಪ್ಟೆಂಬರ್ 22ರಂದು ಶುರುವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಕರೆಂಟು ಮೀಟರಿನ ಆರ್.ಆರ್. ಸಂಖ್ಯೆ ಹಿಡಿದು ಮನೆ ಗುರುತಿಸಿದರು. ಉಪಾಯ ಒಳ್ಳೆಯದೇ. ಆದರೆ ಬೀಗ ಹಾಕಿದ ಮನೆಗೂ ಮೀಟರು ಉಂಟು, ತೋಟದ ಮೂಲೆಯ ಬಿಡಾರಕ್ಕೆ ಇಲ್ಲದೆ ಇರಬಹುದು. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರು, ಪೋಸ್ಟ್‌ಮ್ಯಾನ್ ಇವರನ್ನು ಕೂರಿಸಿ ಬೈಲು ಬೈಲಾಗಿ ಕೇಳಿರಿ. ಮೂಲೆ, ಕಜೆ, ಅಡ್ಕ, ಮಜಲು ಎಂದು ಮುಗಿಯುವ ಜಾಗದ ಹೆಸರುಗಳೇ ಇಲ್ಲಿ ವಿಳಾಸ. ಕಾಗದದಲ್ಲಿ ಹೊಳೆ, ಕಾಲುಸಂಕ, ಶಾಲೆ ಗುರುತಿಸಿ ಪ್ರತಿ ಮನೆಗೆ ನಂಬ್ರ ಕೊಡಿ.

ಒಂದು ಸೂರಿನಡಿ ಅಣ್ಣ ತಮ್ಮ ಬೇರೆಯಾಗಿ ಎರಡು ಒಲೆ ಇದ್ದರೆ? ಜನಗಣತಿಯಲ್ಲಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬವೆಂದು ಲೆಕ್ಕ ಹಾಕುತ್ತಾರೆ. ನಾವೂ ಹಾಗೆಯೇ ಎರಡು ಫಾರಂ ತುಂಬಿಸೋಣ.

ಎಲ್ಲ ಮನೆಗೆ ಹೋಗಲು ಆಗದಿದ್ದರೆ ಮಾದರಿ ಆರಿಸಬೇಕು. ಪಟ್ಟಿಯಲ್ಲಿ 300 ಮನೆ ಇದ್ದು 60 ಸಾಕೆಂದಾದರೆ ಐದಕ್ಕೊಂದು. 1ರಿಂದ 5ರ ಒಳಗೆ ಚೀಟಿ ಎತ್ತಿ; 3 ಬಂದರೆ 3, 8, 13 ಹೀಗೆ ಮುಂದುವರಿಸಿ. 13ನೇ ಮನೆಗೆ ಬೀಗವೋ, ಗುಡ್ಡೆ ತುದಿಯೋ, ಪಕ್ಕದ ಮನೆಗೆ ಹೊರಳಬೇಡಿ. ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಿ ನೋಡಿ. ದಿನಕ್ಕೆ ಒಂದು ಜೋಡಿಗೆ ಆರು ಮನೆ ಆದರೆ ಹೆಚ್ಚು. ಅಂದರೆ ಎರಡು ಜೋಡಿಗೆ ಐದು ದಿನ, ಬೀಗದ ಮನೆಗಳಿಗೆ ಮತ್ತೆ ಎರಡು ದಿನ.

ಯಾವಾಗ ಹೋಗುವುದು? ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡವೇ ಬೇಡ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಜಿಲ್ಲೆ ನಮ್ಮದು, ಅಡಿಕೆ ಮರದ ಸಂಕ ನಂಬಿ ಹುಡುಗಿಯರನ್ನು ಕಳಿಸಲಾಗದು. ನಮಗೆ ಫೆಬ್ರವರಿಯೇ ಒಳ್ಳೆಯದೆನಿಸುತ್ತದೆ. ಹೊಳೆ ಇಳಿದಿರುತ್ತದೆ, ರಬ್ಬರ್ ಎಲೆ ಉದುರಿ ಟ್ಯಾಪಿಂಗ್ ಕಡಿಮೆಯಾಗುತ್ತದೆ. ನೇಮ, ಜಾತ್ರೆಯ ದಿನ ಮಾತ್ರ ಮೊದಲೇ ಕೇಳಿಕೊಳ್ಳಿ. ಕೂಲಿಗೆ ಹೋಗುವವರು ಸಿಗುವುದು ಸಂಜೆಗೆ. ಬೀಡಿ ಕಟ್ಟುವ ಅಕ್ಕಂದಿರು ಬ್ರಾಂಚಿಗೆ ಹೋಗುವ ದಿನ ತಪ್ಪಿಸಿ, ಅವರ ಕೈ ನಿಲ್ಲಿಸದೆ ಮಾತಾಡಿಸಿ. ಇನ್ನೊಂದು: "ಬಾವಿಯಲ್ಲಿ ನೀರು ಉಂಟಾ?" ಎಂದು ಕೇಳಿದರೆ ಸಿಗುವುದು ಆ ದಿನದ ಉತ್ತರ. "ಯಾವ ತಿಂಗಳಲ್ಲಿ ಬತ್ತುತ್ತದೆ?" ಎಂದು ಕೇಳಿ.

ಫಾರಂ ಕನ್ನಡದಲ್ಲಿದ್ದರೂ ಮಾತು ತುಳು, ಅರೆಭಾಷೆ, ಮಲಯಾಳ, ರಬ್ಬರ್ ತೋಟದ ಕಡೆ ತಮಿಳು. ಜೋಡಿಯಲ್ಲಿ ಒಬ್ಬರಿಗಾದರೂ ಆ ಬೈಲಿನ ಮಾತು ಬರಬೇಕು. ಜಾಗ ಎಷ್ಟೆಂದು ಎಕ್ರೆ, ಸೆಂಟ್ಸ್‌ನಲ್ಲೇ ಬರೆದುಕೊಳ್ಳಿ.

"ಇದರಿಂದ ನಮಗೆ ಎಂತ ಸಿಗ್ತದೆ?" ಎಂದು ಕೇಳಿಯೇ ಕೇಳುತ್ತಾರೆ. ಮನೆ, ಸಾಲ ಎಂದು ಆಸೆ ಹುಟ್ಟಿಸಬೇಡಿ. "ಅಕ್ಕ, ಈಗ ಕೊಡಲಿಕ್ಕೆ ಏನೂ ಇಲ್ಲ, ಇಷ್ಟವಿಲ್ಲದಿದ್ದರೆ ಹೇಳಬೇಕೆಂದಿಲ್ಲ" ಎಂದು ಮೊದಲೇ ಹೇಳಿ. ಬೇಡ ಎಂದರೆ ಕೈಮುಗಿದು ಬನ್ನಿ, ಫಾರಂನಲ್ಲಿ ಹಾಗೆಯೇ ಬರೆಯಿರಿ.

ಸಂಜೆ ಊರು ಬಿಡುವ ಮೊದಲು ಜೋಡಿಗಳು ಫಾರಂ ಅದಲುಬದಲು ಮಾಡಿ ಓದಬೇಕು. ಮಕ್ಕಳು 3, ಶಾಲೆಗೆ ಹೋಗುವವರು 4 ಎಂದು ಕಂಡರೆ ಅಲ್ಲೇ ಗುಡ್ಡೆ ಹತ್ತಿ ಕೇಳಿ ಬರಬಹುದು.