ಗ್ರಾಂಟ್ ಬರೆಯದೆ ಬಿಟ್ಟ ಎಂಟು ವರ್ಷ

ಅಮೆರಿಕದ ಅಧ್ಯಕ್ಷರು ಅಂದರೆ ನಮಗೆ ಥಟ್ಟನೆ ನೆನಪಾಗುವವನು ಲಿಂಕನ್. ಅವನಿಗಾಗಿ ಅಂತರ್ಯುದ್ಧವನ್ನು ಗೆದ್ದುಕೊಟ್ಟು, ಮುಂದೆ 1869ರಿಂದ 1877ರವರೆಗೆ ತಾನೇ ಅಧ್ಯಕ್ಷನಾಗಿದ್ದ ಯೂಲಿಸಿಸ್ ಗ್ರಾಂಟನ ಹೆಸರು ಪಠ್ಯಪುಸ್ತಕದ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಒಳ್ಳೆಯ ಸೇನಾನಿ, ಕೆಟ್ಟ ಅಧ್ಯಕ್ಷ ಎಂಬ ಷರಾ ಬೇರೆ. ಸಾಹಿತ್ಯದ ಪತ್ರಿಕೆಯಲ್ಲಿ ಅವನ ಮಾತೇಕೆ ಅಂತ ನೀವು ಕೇಳಬಹುದು. ಕಾರಣವಿದೆ. ಸಾಯುವ ಮುನ್ನ ಅವನು ಬರೆದ ಆತ್ಮಕಥನವನ್ನು ಇಂಗ್ಲಿಷ್ ಗದ್ಯದ ಉತ್ತಮ ಕೃತಿಗಳಲ್ಲಿ ಒಂದೆಂದು ಎಣಿಸುತ್ತಾರೆ. ಆ ಪುಸ್ತಕ ಏನನ್ನು ಹೇಳಿತು, ಏನನ್ನು ಬಿಟ್ಟಿತು ಎಂಬುದಕ್ಕೂ ಈ ಷರಾಕ್ಕೂ ಸಂಬಂಧವಿದೆ ಎಂದು ನನಗನ್ನಿಸುತ್ತದೆ. ಅದನ್ನೇ ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

1. ಬದುಕು

ಗ್ರಾಂಟ್ ಹುಟ್ಟಿದ್ದು 1822ರಲ್ಲಿ, ಓಹಾಯೋ ಸಂಸ್ಥಾನದಲ್ಲಿ. ತಂದೆ ಚರ್ಮ ಹದಮಾಡುವ ಕಸಬಿನವನು. ಮಗನಿಗೆ ಆ ಕೆಲಸವೆಂದರೆ ಆಗದು. ಅವನಿಗೆ ಕುದುರೆಗಳೆಂದರೆ ಜೀವ. ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಿಂದ 1843ರಲ್ಲಿ ಹೊರಬಂದಾಗ 39 ಮಂದಿಯಲ್ಲಿ 21ನೆಯವನು. ಮೆಕ್ಸಿಕೋ ಯುದ್ಧದಲ್ಲಿ ಕಾದಾಡಿದ. 1854ರಲ್ಲಿ ಸೈನ್ಯ ಬಿಟ್ಟ. ಮಿಸೌರಿಯಲ್ಲಿ ಬೇಸಾಯಕ್ಕಿಳಿದು ಸೋತ, ಸೇಂಟ್ ಲೂಯಿಸಿನ ಬೀದಿಯಲ್ಲಿ ಸೌದೆ ಮಾರಿದ. 1857ರ ಕ್ರಿಸ್ಮಸ್ ಸಮಯದಲ್ಲಿ ತನ್ನ ಗಡಿಯಾರವನ್ನು 22 ಡಾಲರಿಗೆ ಗಿರವಿ ಇಟ್ಟ.

ಇಷ್ಟು ಕಷ್ಟದ ದಿನಗಳಲ್ಲಿ, 1859ರಲ್ಲಿ, ಅವನು ಮಾಡಿದ ಒಂದು ಕೆಲಸವನ್ನು ಗಮನಿಸಬೇಕು. ಮಾವನ ಮನೆಯ ಕಡೆಯಿಂದ ಅವನ ಪಾಲಿಗೆ ವಿಲಿಯಂ ಜೋನ್ಸ್ ಎಂಬ ಗುಲಾಮ ಬಂದಿದ್ದ. ಮಾರಿದ್ದರೆ ಕೈತುಂಬ ಹಣ ಸಿಗುತ್ತಿತ್ತು. ಗ್ರಾಂಟ್ ಮಾರಲಿಲ್ಲ, ಕೋರ್ಟಿಗೆ ಹೋಗಿ ಬಿಡುಗಡೆಯ ಪತ್ರ ಬರೆದುಕೊಟ್ಟ.

ಎರಡು ವರ್ಷದಲ್ಲಿ ಯುದ್ಧ ಬಂತು. ತಮ್ಮಂದಿರ ಚರ್ಮದಂಗಡಿಯಲ್ಲಿ ಗುಮಾಸ್ತನಂತೆ ಕೂತಿದ್ದವನು ಡೊನೆಲ್ಸನ್ ಕೋಟೆ, ವಿಕ್ಸ್‌ಬರ್ಗ್ ಎಂದು ಒಂದೊಂದಾಗಿ ಗೆಲ್ಲುತ್ತ 1864ಕ್ಕೆ ಉತ್ತರದ ಸಮಸ್ತ ಸೈನ್ಯಕ್ಕೆ ದಂಡನಾಯಕನಾದ. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾನಿ ಲೀ ಅವನಿಗೆ ಶರಣಾದ. ಸೋತ ಸೈನಿಕರು ಉಳುಮೆಗೆ ತಮ್ಮ ಕುದುರೆಗಳನ್ನು ಮನೆಗೆ ಕೊಂಡೊಯ್ಯಲಿ ಎಂದು ಗ್ರಾಂಟ್ ಬಿಟ್ಟುಕೊಟ್ಟ.

2. ಪುಸ್ತಕ

ಅಧ್ಯಕ್ಷ ಪದವಿ ಮುಗಿದ ಮೇಲೆ ಗ್ರಾಂಟ್ ಲೋಕ ಸುತ್ತಿದ. 1879ರ ಫೆಬ್ರವರಿಯಲ್ಲಿ ನಮ್ಮ ಮುಂಬಯಿಗೂ ಬಂದಿದ್ದ. ಮರಳಿ ಹೋಗಿ ನ್ಯೂಯಾರ್ಕಿನಲ್ಲಿ ಮಗನ ಪಾಲುಗಾರ ವಾರ್ಡ್ ಎಂಬವನ ಹಣಕಾಸಿನ ಕೋಠಿಗೆ ತನ್ನದೆಲ್ಲವನ್ನೂ ಸುರಿದ. ವಾರ್ಡ್ ಮೋಸಗಾರ. 1884ರ ಮೇ ತಿಂಗಳಲ್ಲಿ ಕೋಠಿ ಮುಳುಗಿತು. ಕೊಟ್ಟವನು ಕೋಡಂಗಿ ಅಂತಾರಲ್ಲ, ಹಾಗಾಯಿತು. ಅದೇ ವರ್ಷ ಗಂಟಲಿನಲ್ಲಿ ಕ್ಯಾನ್ಸರ್ ಪತ್ತೆಯಾಯಿತು.

ಹೆಂಡತಿ ಜೂಲಿಯಾಳನ್ನು ಬರಿಗೈಯಲ್ಲಿ ಬಿಟ್ಟುಹೋಗಬಾರದು. ಈ ಒಂದು ಚಿಂತೆಯಿಂದ ಅವನು ಬರೆಯಲು ಕೂತ. ಪ್ರಕಟಿಸಲು ಮುಂದೆ ಬಂದವನು ಸಾಹಿತಿ ಮಾರ್ಕ್ ಟ್ವೇನ್; ಲಾಭದಲ್ಲಿ ನೂರಕ್ಕೆ ಎಪ್ಪತ್ತು ಪಾಲು ಲೇಖಕನಿಗೇ ಎಂದು ಒಪ್ಪಂದ ಮಾಡಿಕೊಂಡ. ಕೊನೆಕೊನೆಗೆ ಗ್ರಾಂಟನಿಗೆ ಮಾತು ನಿಂತುಹೋಯಿತು. ಚೀಟಿ ಬರೆದು ತೋರಿಸುತ್ತಿದ್ದ. ಒಂದು ಚೀಟಿಯಲ್ಲಿ, ತಾನು ಸರ್ವನಾಮಕ್ಕಿಂತ ಕ್ರಿಯಾಪದವೇ ಇರಬೇಕು, ಇರುವುದು, ಮಾಡುವುದು, ನರಳುವುದು ಮೂರೂ ತನಗೆ ಸಲ್ಲುತ್ತವೆ ಎಂಬರ್ಥದ ಮಾತು ಬರೆದಿದ್ದಾನೆ. ವ್ಯಾಕರಣ ಓದಿದ ನಮಗೆ ಇದಕ್ಕೆ ವ್ಯಾಖ್ಯಾನ ಬೇಡ. ಬರವಣಿಗೆ ಮುಗಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು, ತೀರಿಕೊಂಡ. ಎರಡು ಸಂಪುಟಗಳ ಪುಸ್ತಕ ಮೂರು ಲಕ್ಷಕ್ಕೂ ಹೆಚ್ಚು ಜೊತೆ ಮಾರಾಟವಾಗಿ, ಜೂಲಿಯಾಳಿಗೆ ನಾಲ್ಕು ಲಕ್ಷ ಡಾಲರಿಗೂ ಮೀರಿ ಬಂತು.

ಶೈಲಿ ಸರಳ. ಆಡಂಬರವಿಲ್ಲ, ಅಳುವಿಲ್ಲ. ರಣರಂಗದ ಆಜ್ಞೆಯಲ್ಲಿ ಒಂದು ಮಾತು ತಪ್ಪಿದರೆ ಜನ ಸಾಯುತ್ತಾರೆ. ಆ ಶಿಸ್ತೇ ಅವನ ಗದ್ಯಕ್ಕೂ ಬಂದಿದೆ ಎಂದು ನನ್ನ ಊಹೆ. ತಾನೇ ಹೋರಾಡಿದ ಮೆಕ್ಸಿಕೋ ಯುದ್ಧ ಅನ್ಯಾಯದ್ದೆಂದು ನೇರವಾಗಿ ಹೇಳುತ್ತಾನೆ. ದಕ್ಷಿಣದವರ ಶೌರ್ಯವನ್ನು ಮೆಚ್ಚುತ್ತಲೇ, ಗುಲಾಮಗಿರಿಯ ಪರವಾದ ಅವರ ಗುರಿ ಹೀನವಾದದ್ದೆಂದೂ ಹೇಳುತ್ತಾನೆ.

3. ಬಿಟ್ಟುಹೋದ ಭಾಗ

ಆದರೆ ಪುಸ್ತಕ ಹೆಚ್ಚುಕಡಿಮೆ 1865ಕ್ಕೇ ನಿಲ್ಲುತ್ತದೆ. ಅಧ್ಯಕ್ಷನಾಗಿದ್ದ ಎಂಟು ವರ್ಷಗಳ ಕಥೆ ಅದರಲ್ಲಿಲ್ಲ. 1862ರಲ್ಲಿ ತನ್ನ ಸೇನಾವಲಯದಿಂದ ಯಹೂದಿಗಳನ್ನು ಹೊರಹಾಕಲು ಅವನು ಹೊರಡಿಸಿದ, ಲಿಂಕನ್ ರದ್ದುಮಾಡಿಸಿದ ಕೆಟ್ಟ ಆಜ್ಞೆಯೂ ಅದರಲ್ಲಿಲ್ಲ.

ಆ ಎಂಟು ವರ್ಷಗಳಲ್ಲಿ ಏನಾಯಿತು? 1870ರಲ್ಲಿ ಸಂವಿಧಾನದ ಹದಿನೈದನೆಯ ತಿದ್ದುಪಡಿ ಜಾರಿಗೆ ಬಂದು, ವರ್ಣದ ಕಾರಣಕ್ಕೆ ಮತದ ಹಕ್ಕನ್ನು ಕಸಿಯಬಾರದೆಂದಾಯಿತು. ಅದೇ ವರ್ಷ ಹೈರಂ ರೆವೆಲ್ಸ್ ಸೆನೆಟಿನ ಮೊದಲ ಕರಿಯ ಸದಸ್ಯನಾದ. ಇದನ್ನು ಸಹಿಸದ ಕು ಕ್ಲಕ್ಸ್ ಕ್ಲಾನ್ ಎಂಬ ಗುಪ್ತ ಪಡೆ ಕರಿಯರನ್ನು ರಾತ್ರಿ ಮನೆಯಿಂದೆಳೆದು ಹೊಡೆಯಿತು, ಕೊಂದಿತು. ಗ್ರಾಂಟ್ 1871ರಲ್ಲಿ ಹೊಸ ಕಾಯಿದೆಗೆ ಸಹಿ ಹಾಕಿ, ಸೌತ್ ಕೆರೊಲಿನಾದ ಒಂಬತ್ತು ಜಿಲ್ಲೆಗಳಿಗೆ ಸೈನ್ಯ ನುಗ್ಗಿಸಿ ನೂರಾರು ಮಂದಿಯನ್ನು ಹಿಡಿಸಿದ. ಮೊಕದ್ದಮೆಗಳ ಮುಂದಾಳು ಅಟಾರ್ನಿ ಜನರಲ್ ಏಕರ್ಮನ್, ಹಿಂದೆ ದಕ್ಷಿಣದ ಸೈನ್ಯದಲ್ಲಿದ್ದವನೇ! ಕ್ಲಾನ್ ಮುರಿದುಬಿತ್ತು.

ದೋಷಗಳೂ ಇದ್ದವು, ಮುಚ್ಚಿಡಬೇಕಿಲ್ಲ. ಗೆಳೆಯರೆಂದರೆ ಕಣ್ಣುಮುಚ್ಚಿ ನಂಬುವ ಸ್ವಭಾವ. 1875ರ ವಿಸ್ಕಿ ತೆರಿಗೆ ಹಗರಣ ಅವನ ಆಪ್ತ ಕಾರ್ಯದರ್ಶಿಯವರೆಗೂ ಬಂತು. ಅದೇ ವರ್ಷ ಮಿಸಿಸಿಪ್ಪಿಯ ಗವರ್ನರ್ ಸೈನ್ಯ ಕೇಳಿದಾಗ ಅವನ ಸರ್ಕಾರ ಕಳಿಸಲಿಲ್ಲ. ಉತ್ತರದ ಮತದಾರರಿಗೆ ಸಾಕಾಗಿತ್ತು. ಅಲ್ಲಿಯ ಕರಿಯರು ಅದರ ಬೆಲೆ ತೆತ್ತರು. 1877ರ ನಂತರ ದಕ್ಷಿಣದಾದ್ಯಂತ ಅವರ ಮತದ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತ ಬಂತು. 1965ರ ಕಾಯಿದೆಯವರೆಗೂ ಅದೇ ಪಾಡು.

ಗ್ರಾಂಟ್ ಖಾಲಿ ಬಿಟ್ಟ ಪುಟಗಳನ್ನು ಬೇರೆಯವರು ತುಂಬಿದರು. ಕೊಲಂಬಿಯಾ ವಿಶ್ವವಿದ್ಯಾನಿಲಯದ ಡನ್ನಿಂಗ್ ಮತ್ತು ಅವನ ಶಿಷ್ಯರು, ಕರಿಯರಿಗೆ ಮತ ಕೊಟ್ಟದ್ದೇ ಅನಾಹುತವೆಂದು ಬರೆದರು. ಹಗರಣಗಳು ಉಳಿದವು, ಕ್ಲಾನನ್ನು ಮುರಿದ ಮಾತು ಮರೆಯಾಯಿತು. 1935ರಲ್ಲಿ ಡುಬಾಯ್ಸ್ ಈ ಚರಿತ್ರೆಯನ್ನು ಪ್ರಶ್ನಿಸಿದರೂ ವಿದ್ವಾಂಸರು ಬೇಗ ಕಿವಿಗೊಡಲಿಲ್ಲ. 1948ರ ಇತಿಹಾಸಕಾರರ ಮತಗಣನೆಯಲ್ಲಿ 29 ಅಧ್ಯಕ್ಷರ ಪೈಕಿ ಗ್ರಾಂಟನಿಗೆ 28ನೆಯ ಸ್ಥಾನ. ಕರಿಯರ ಹಕ್ಕಿನ ಚಳವಳಿಯ ನಂತರ ನೋಟ ಬದಲಾಯಿತು. ಸಿ-ಸ್ಪ್ಯಾನ್ ವಾಹಿನಿ ಇತಿಹಾಸಕಾರರಿಂದ ಮಾಡಿಸಿದ ಪಟ್ಟಿಯಲ್ಲಿ 2000ದಲ್ಲಿ 33ನೆಯವನಾಗಿದ್ದವನು 2021ಕ್ಕೆ 20ನೆಯವನಾದ. ಸತ್ತವನು ಹೊಸದಾಗಿ ಏನೂ ಮಾಡಲಿಲ್ಲ. ಓದುವವರು ಕೇಳುವ ಪ್ರಶ್ನೆ ಬದಲಾಯಿತು, ಅಷ್ಟೆ.

ಆದ್ದರಿಂದ ಯಾವುದೇ ಆತ್ಮಕಥೆಯನ್ನು ಕೈಗೆತ್ತಿಕೊಂಡಾಗ ಅದು ಎಲ್ಲಿ ನಿಲ್ಲುತ್ತದೆ, ಉಳಿದದ್ದನ್ನು ನಮಗೆ ಹೇಳಿದವರು ಯಾರು, ಹಾಗೆ ಹೇಳಿದ್ದರಿಂದ ಯಾರಿಗೆ ಅನುಕೂಲವಾಯಿತು ಎಂದು ಮಿತ್ರರು ಕೇಳಿಕೊಂಡರೆ ಒಳ್ಳೆಯದು. ಗ್ರಾಂಟನ ಪುಸ್ತಕವನ್ನು ಓದಬಯಸುವವರು ವಿಕ್ಸ್‌ಬರ್ಗಿನ ಅಧ್ಯಾಯಗಳಿಂದ ಆರಂಭಿಸಲಿ. ಅಲ್ಲಿಂದ ಮುಂದಕ್ಕೆ ಪುಸ್ತಕವೇ ಕರೆದೊಯ್ಯುತ್ತದೆ.