ತೇರು ಹೊರಟಾಗ ಬಂದ ಫೋನು

ತಂಬ್ರಹಳ್ಳಿ

ಚಿರಂಜೀವಿ ಅಳಿಯನಿಗೆ,

ನಿನ್ನ ಹೆಸರು ಬರೆದಿಲ್ಲ, ಬೇಕೆಂದೇ. ನಿನ್ನ ವಯಸ್ಸಿನವರು ಈ ಸೀಮೆಯ ಪ್ರತಿ ಓಣಿಯಿಂದಲೂ ಬೆಂಗಳೂರಿಗೆ ಹೋಗಿದ್ದಾರೆ. ಯಾರ ಕೈಗೆ ಸಿಕ್ಕರೂ ಓದಲಿ.

ಕೊಟ್ಟೂರು ತೇರಿನ ದಿನದ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯಲು ಕೂತೆ. ಎರಡು ದಿನ ರಜೆ ಹಾಕಿ ಬಂದವನು ನೀನು. ತೇರು ಹೊರಡಲು ಮೂಲಾ ನಕ್ಷತ್ರ ಕೂಡುವುದನ್ನೇ ಕಾಯುತ್ತ ಬಿಸಿಲಲ್ಲಿ ನಿಂತಿದ್ದೆವು. ತೇರಿನ ಗಾಲಿ ಅಲ್ಲಾಡಿತು, ಜನ ಕೂಗಿದರು, ಅದೇ ಹೊತ್ತಿಗೆ ನಿನ್ನ ಜೇಬೂ ಕೂಗಿತು. ಒಂದು ಕಿವಿಗೆ ಬೆರಳು ತುರುಕಿಕೊಂಡು ಸಂದಿಯೊಳಗೆ ಓಡಿದೆ. ತಿರುಗಿ ಬಂದಾಗ ತೇರು ದೂರ ಹೋಗಿತ್ತು. ನೀನು ತೇರಿಗೆ ಎಸೆಯಬೇಕೆಂದು ನಿನ್ನವ್ವ ಸೆರಗಿನಲ್ಲಿ ಹಿಡಿದಿದ್ದ ಬಾಳೆಹಣ್ಣು ಹಾಗೇ ಇತ್ತು. ಯಾರದಪ್ಪಾ ಫೋನು ಅಂದೆ ನಾನು. "ಒಂದು ಫೈಲ್ ಎಲ್ಲೈತಿ ಅಂತ ಕೇಳಿದ್ರು ಮಾಮ" ಅಂದೆ ನೀನು.

ಒಂದು ಫೈಲ್!

ಫೋನಿನ ವಿಷಯ ನನಗೆ ಹೇಳಿಕೊಡಬೇಡ. ಮೂವತ್ತು ವರ್ಷ ಅದರ ಅನ್ನ ತಿಂದವನು ನಾನು. ಹೊಸಪೇಟೆಯ ಟ್ರಂಕ್ ಬೋರ್ಡಿನ ಮುಂದೆ ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂತಾಗ ನನಗೆ ಇಪ್ಪತ್ತೆರಡು. ಬೋರ್ಡಿನ ತುಂಬ ತೂತು, ಮೇಜಿನ ತುಂಬ ಹಗ್ಗದಂಥ ಕಾರ್ಡು. ಈ ತೂತಿನದು ಎಳೆದು ಆ ತೂತಿಗೆ ಚುಚ್ಚಿದರೆ ಶೇಂಗಾ ವ್ಯಾಪಾರಿ ಮುಂಬಯಿಯ ದಲಾಲಿಯ ಜೊತೆ ಮಾತಾಡುತ್ತಿದ್ದ. ಬುಕ್ ಮಾಡಿದ ಕರೆ ಸಿಗಲು ಅರ್ಧ ದಿನ ಆದರೂ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಸಿಕ್ಕ ಮೇಲೆ ಮೂರು ನಿಮಿಷ. "ಮೂರು ನಿಮಿಷ ಆಯ್ತ್ರೀ, ಮುಂದುವರಿಸ್ತೀರೇನು?" ಅಂತ ನಾನು ನಡುವೆ ಬಾಯಿ ಹಾಕಿದರೆ, ಅಳುತ್ತಿದ್ದವರೂ ಅಳು ನಿಲ್ಲಿಸಿ ಲೆಕ್ಕ ಹಾಕುತ್ತಿದ್ದರು.

ಆಗ ಕರೆಗೆ ಮೂರು ದರ್ಜೆ ಇತ್ತು: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಅರ್ಜೆಂಟ್‌ಗೆ ಎರಡು ಪಟ್ಟು ದುಡ್ಡು, ಲೈಟ್ನಿಂಗ್‌ಗೆ ಎಂಟು ಪಟ್ಟು. ಹಾಗಾಗಿ ಬುಕ್ ಮಾಡುವವನು ಮೊದಲು ತನ್ನನ್ನೇ ಕೇಳಿಕೊಳ್ಳಬೇಕಿತ್ತು, ಇದು ಎಷ್ಟು ಅರ್ಜೆಂಟ್ ಅಂತ. ಒಬ್ಬ ಹತ್ತಿ ವ್ಯಾಪಾರಿ ನೆನಪಾಗುತ್ತಾನೆ. ಬಂದವನೇ "ಲೈಟ್ನಿಂಗ್ ಹಾಕ್ರಿ, ಭಾಳ ಅರ್ಜೆಂಟ್" ಅಂತ ಕೂಗಾಡಿದ. ದರ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾರ್ಡು ಬರದ್ರ ಎಷ್ಟ್ ದಿನಕ್ಕ ಮುಟ್ಟತೈತ್ರಿ?" ಅಂದ. ಹದಿನೈದು ಪೈಸೆಯ ಅಂಚೆ ಕಾರ್ಡಿನಲ್ಲಿ ಮುಗಿಯುವ ಮಾತಿಗೆ ಎಂಟು ಪಟ್ಟು ಕೊಡಲು ಯಾರಿಗೂ ಹುಚ್ಚಿರಲಿಲ್ಲ. ಮೊಬೈಲ್ ಬಂದ ಹೊಸದರಲ್ಲೂ ಅಷ್ಟೇ. 2003ರ ತನಕ ಬಂದ ಕರೆ ಎತ್ತಿದವನ ದುಡ್ಡೂ ಕಡಿತವಾಗುತ್ತಿತ್ತು. ಮಾಡುವವನೂ ಎತ್ತುವವನೂ ಯೋಚಿಸುತ್ತಿದ್ದರು. ಈಗ ದುಡ್ಡಿಲ್ಲ, ಯೋಚನೆಯೂ ಇಲ್ಲ. ನಿನ್ನ ಕಂಪನಿಯವರು ದಿನಕ್ಕೆ ಇಪ್ಪತ್ತು ಲೈಟ್ನಿಂಗ್ ಕಾಲ್ ಪುಕ್ಕಟೆ ಹಾಕುತ್ತಾರೆ. ಅದರ ಎಂಟು ಪಟ್ಟು ನೀನು ತೆರುತ್ತೀ.

ಇನ್ನೊಂದು ಇದೆ, ನನಗೆ ಮುಖ್ಯವಾದದ್ದು. ಆಗ ಕರೆ ಬರುತ್ತಿದ್ದುದು ಕುರ್ಚಿಗೆ. ನನ್ನ ಡ್ಯೂಟಿ ಮುಗಿಯಿತೆಂದರೆ ಹೆಡ್‌ಸೆಟ್ ಬಿಚ್ಚಿ ಮುಂದಿನವನಿಗೆ ಕೊಡುತ್ತಿದ್ದೆ. ಯಾವ ಕರೆ ಬಾಕಿ, ಯಾವ ಲೈನು ಕೆಟ್ಟಿದೆ ಅಂತ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿ ಸೈಕಲ್ ಹತ್ತಿದರೆ ಮುಗಿಯಿತು. ಇಡೀ ಹೊಸಪೇಟೆ ಕೂಗಿದರೂ ನನಗೆ ಕೇಳುತ್ತಿರಲಿಲ್ಲ. ಫೋನಿನವನಾಗಿದ್ದೂ ಮನೆಯಲ್ಲಿ ಫೋನಿಲ್ಲದ ಆ ವರ್ಷಗಳಷ್ಟು ನೆಮ್ಮದಿ ಮತ್ತೆ ಸಿಗಲಿಲ್ಲ.

1986ರಲ್ಲಿ ಕಿತ್ತೂರಿನಲ್ಲಿ ಸರ್ಕಾರದ ಸಿ-ಡಾಟ್ ಸಂಸ್ಥೆಯವರ ಹಳ್ಳಿಯ ಎಕ್ಸ್‌ಚೇಂಜ್ ಶುರುವಾಯಿತು. ತಾನೇ ಜೋಡಿಸಿಕೊಳ್ಳುವ ಯಂತ್ರ. ಆಮೇಲೆ ನಮ್ಮಂಥವರ ಬೋರ್ಡುಗಳು ಒಂದೊಂದಾಗಿ ಮೂಲೆ ಸೇರಿದವು, ಓಣಿಗೊಂದು ಎಸ್‌ಟಿಡಿ ಬೂತ್ ಬಂತು. ನನಗೆ ಬಡ್ತಿಯೂ ಮನೆಗೊಂದು ಫೋನೂ ಬಂದವು. ಕಪ್ಪು ಡಬ್ಬಿ, ಅದರ ಮೇಲೆ ನಿನ್ನತ್ತೆ ಕಸೂತಿ ಹಾಕಿದ ಬಟ್ಟೆ. ಓಣಿಯವರೆಲ್ಲ ನಮ್ಮ ನಂಬರಿಗೆ ಪಿ.ಪಿ., ಅಂದರೆ ಕರೆದು ಕೊಡುವ ನಂಬರು, ಅಂತ ಹಾಕಿ ನೆಂಟರಿಗೆ ಕೊಟ್ಟರು. ಅದು ತೊಂದರೆ ಅನ್ನಿಸಲಿಲ್ಲ. ತೊಂದರೆ ಆದದ್ದು ಆಫೀಸಿನ ಕರೆಗಳಿಂದ, ಅದಕ್ಕಿಂತ ಹೆಚ್ಚಾಗಿ ನನ್ನಿಂದ. ಗಂಟೆ ಬಾರಿಸಿದರೆ ಸಾಕು, ಉಣ್ಣುವ ಕೈ ಎತ್ತಿ ಓಡುತ್ತಿದ್ದೆ. ಎಡಗೈಯಲ್ಲಿ ರಿಸೀವರ್, ಬಲಗೈ ಒಣಗುತ್ತಿರುತ್ತಿತ್ತು. ಅವರು ಕೇಳುತ್ತಿದ್ದುದು ಏನು? ಬೀಗದ ಕೈ ಎಲ್ಲಿ, ಆ ಕೇಬಲ್ ಕಾಗದ ಯಾರ ಮೇಜಿನ ಮೇಲೆ. ರಿಜಿಸ್ಟರ್ ತೆರೆದು ನೋಡಿದ್ದರೆ ಸಿಗುತ್ತಿತ್ತು. ನಿಜಕ್ಕೂ ಎದ್ದು ಹೋಗಲೇಬೇಕಾಗಿದ್ದ ಕರೆ ಅಷ್ಟು ವರ್ಷದಲ್ಲಿ ಎರಡೇ ನೆನಪಿವೆ. ಒಮ್ಮೆ ಮಳೆಗಾಲದಲ್ಲಿ ಆಸ್ಪತ್ರೆಯ ಲೈನು ಸತ್ತಾಗ, ಇನ್ನೊಮ್ಮೆ ಬ್ಯಾಟರಿ ರೂಮಿನಲ್ಲಿ ಹೊಗೆ ಬಂದಾಗ.

ಒಂದು ರಾತ್ರಿ ನಾನು ಫೋನಿಟ್ಟು ತಿರುಗುವಷ್ಟರಲ್ಲಿ ನಿನ್ನತ್ತೆ ಇನ್ನೊಂದು ತಟ್ಟೆ ತಂದಳು. ಅದರಲ್ಲಿ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಅದನ್ನು ಫೋನಿನ ಮುಂದಿಟ್ಟು, "ಇಬ್ರೂ ಕೂಡೇ ಉಣ್ರಿ" ಅಂತ ಹೇಳಿ ಮಕ್ಕಳನ್ನು ಕರೆದುಕೊಂಡು ಅಡುಗೆಮನೆ ಬಾಗಿಲು ಹಾಕಿಕೊಂಡಳು. ನಗಬೇಡ. ಆ ರೊಟ್ಟಿ ಬೆಳಗಿನವರೆಗೂ ಅಲ್ಲೇ ಇತ್ತು. ನಾನೂ ಮುಟ್ಟಲಿಲ್ಲ, ಅವಳೂ ತೆಗೆಯಲಿಲ್ಲ.

ಅವಳಿಗೆ ಹೇಳದೇ ಇದ್ದದ್ದನ್ನು ನಿನಗೆ ಹೇಳುತ್ತೇನೆ. ನನಗೆ ಆ ಕರೆಗಳು ಹಿತವಾಗಿದ್ದವು. ನಾನಿಲ್ಲದಿದ್ದರೆ ಆಗದು ಎನ್ನುವ ಅಮಲು. ಮನೆಯಲ್ಲಿ ಗೊಣಗುತ್ತಲೇ ಎತ್ತುತ್ತಿದ್ದೆ, ಒಂದು ಸಂಜೆ ಬಾರಿಸದಿದ್ದರೆ ರಿಸೀವರ್ ಎತ್ತಿ ಡಯಲ್ ಟೋನ್ ಇದೆಯೋ ಇಲ್ಲವೋ ನೋಡುತ್ತಿದ್ದೆ. ತೇರಿನ ದಿನ ಸಂದಿಯಿಂದ ತಿರುಗಿ ಬರುವಾಗ ನಿನ್ನ ಮುಖದಲ್ಲಿ ಅದನ್ನೇ ಕಂಡೆ. ಬಡಿವಾರ ಬಿಡೋ! ನಾನು ನಿವೃತ್ತನಾದ ಮರುದಿನ ಒಂದು ಹುಡುಗಿ ನನ್ನ ಕುರ್ಚಿಯಲ್ಲಿ ಕೂತು ನನಗಿಂತ ಚೆನ್ನಾಗಿ ಕೆಲಸ ಮಾಡಿದಳು. ಬೀಗದ ಕೈ ಎಲ್ಲಿ ಅಂತ ಕೇಳಲೂ ಯಾರೂ ಫೋನ್ ಮಾಡಲಿಲ್ಲ.

ಬೈದೆ ಅಂತ ಬೇಜಾರಾಗಬೇಡ. ನನ್ನದು ಕೇಂದ್ರ ಸರ್ಕಾರದ ನೌಕರಿ, ತೆಗೆಯುವ ಭಯ ಇರಲಿಲ್ಲ. ನಿನಗೆ ಸಾಲದ ಕಂತು ಇದೆ, ನಿನ್ನ ಪಕ್ಕದ ಕುರ್ಚಿ ಒಂದು ಸೋಮವಾರ ಖಾಲಿಯಾದದ್ದನ್ನು ನೀನೇ ಹೇಳಿದ್ದೆ. ಹೆದರಿಕೆ ಸುಳ್ಳಲ್ಲ. ವಾರಕ್ಕೆ 70 ಗಂಟೆ ದುಡಿಯಿರಿ ಅಂತ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದಾಗ ಹೌದೆಂದು ತಲೆಯಾಡಿಸಿದವರು ನಮ್ಮ ಕಟ್ಟೆಯ ಮೇಲೂ ಇದ್ದರು. ಎಲ್ಲ ನಿವೃತ್ತರೇ! ಆದರೆ ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುವುದು ದಿನಕ್ಕೆ 9, ವಾರಕ್ಕೆ 48 ಗಂಟೆ. 2024ರಲ್ಲಿ ಐಟಿ ಕಂಪನಿಗಳಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸಲು ಬಿಡುವ ಪ್ರಸ್ತಾವ ಬಂದಾಗ ನಿನ್ನ ವಯಸ್ಸಿನ ಐಟಿ ನೌಕರರ ಸಂಘವೇ ಬೀದಿಗಿಳಿದು ವಿರೋಧಿಸಿತು. ಬಿಡುವಿನ ವೇಳೆ ಕರೆ ಎತ್ತದಿರುವ ಹಕ್ಕಿಗಾಗಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಮಸೂದೆ ತಂದರು, ಅದು ಕಾಯ್ದೆಯಾಗಲಿಲ್ಲ. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಆ ಹಕ್ಕು ಕಾನೂನಿನಲ್ಲೇ ಇದೆ. ನಮಗೆ ಬರುವ ಹೊತ್ತಿಗೆ ನೀನು ನನ್ನ ವಯಸ್ಸಿಗೆ ಬಂದಿರುತ್ತೀ, ಅದನ್ನು ಕಾಯುತ್ತ ಕೂರಬೇಡ.

ರಜೆಯಲ್ಲಿ ಕರೆ ಎತ್ತುವುದೋ ಬಿಡುವುದೋ, ನಿರ್ಧಾರ ನಿನ್ನದೇ. ಎರಡೂ ಕಡೆ ನ್ಯಾಯ ಇದೆ ಅಂತ ಒಪ್ಪುತ್ತೇನೆ. ಬಿಡುವುದಾದರೆ ಹೀಗೆ ಮಾಡಿ ನೋಡು. ರಜೆಗೆ ಹೊರಡುವ ಹಿಂದಿನ ದಿನ, ನಾವು ರಿಜಿಸ್ಟರ್ ಬರೆಯುತ್ತಿದ್ದ ಹಾಗೆ, ಯಾವ ಫೈಲ್ ಎಲ್ಲಿದೆ, ಏನು ಬಾಕಿ ಇದೆ ಅಂತ ಒಂದು ಪುಟ ಬರೆದು ಪಕ್ಕದವನಿಗೆ ಒಪ್ಪಿಸು. ಅವನ ರಜೆಯಲ್ಲಿ ಅವನ ಪುಟ ನೀನು ಇಟ್ಟುಕೋ. ನಿಮ್ಮ ಸಾಹೇಬರಿಗೆ, ಬೆಂಕಿ ಬಿದ್ದರೆ ಫೋನ್ ಮಾಡಿ, ಉಳಿದದ್ದು ಬರೆದು ಕಳಿಸಿ, ಬಂದು ನೋಡುತ್ತೇನೆ ಅಂತ ಮೊದಲೇ ಹೇಳು. ಸಿಟ್ಟು ಮಾಡಿಕೊಂಡಾರು. ಮೂರನೇ ಸಲಕ್ಕೆ ರೂಢಿಯಾಗುತ್ತದೆ. ಎತ್ತುವವನಿಗೇ ಜನ ಮತ್ತೆ ಮತ್ತೆ ಮಾಡುತ್ತಾರೆ, ಬೋರ್ಡಿನ ಮುಂದೆ ಕೂತವನ ಮಾತಿದು.

ತೇರಿನ ದಿನ ತಂದ ಮಂಡಕ್ಕಿ ನಿನ್ನವ್ವ ಇನ್ನೂ ಡಬ್ಬಿಯಲ್ಲಿ ಇಟ್ಟಿದ್ದಾಳೆ, ಮೆತ್ತಗಾಗಿದೆ. ನಮ್ಮೂರ ಬಂಡೆ ರಂಗನಾಥನ ಗುಡಿಗೆ ನಾವು ಮೂವರೂ ಹೋಗಿಬರಬೇಕೆಂಬುದು ಅವಳ ಆಸೆ. ಒಂದು ಭಾನುವಾರ ಸಾಕು.

ಇದನ್ನು ಓದಿದ ಕೂಡಲೇ ನನಗೆ ಫೋನ್ ಮಾಡಲು ಹೋಗಬೇಡ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಲಗಿರುತ್ತೇನೆ, ಎತ್ತುವುದಿಲ್ಲ.

ಇತಿ,
ನಿನ್ನ ಮಾವ